ಫ್ರಿಜ್ಜಿನ ಅರಬಿ ಪುಸ್ತಕ

ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಗೆ ಫ್ರಿಜ್ಜು ಬಂದದ್ದು ಪಕ್ಕದ ಮನೆಯ ಅಡುಗೆಮನೆ ಬಾಗಿಲು ಕಿರಿದಾಗಿದ್ದರಿಂದ. ಪಕ್ಕದ ಮನೆಯಾಕೆಯನ್ನು ನಾನು ಆಪಾ ಎನ್ನುತ್ತಿದ್ದೆ. ಅವರ ತಮ್ಮ ಸೌದಿಯಿಂದ ತಂದ ಆ ಫ್ರಿಜ್ಜನ್ನು ಯಾವ ಕಡೆ ಹೊರಳಿಸಿದರೂ ಒಳಗೆ ಹೋಗಲಿಲ್ಲ. ಕೊನೆಗೆ ನಮ್ಮ ಯಜಮಾನರು ಕೊಂಡರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಬೀದಿಯಲ್ಲಿ ಹಣೆಯ ಮೇಲೆ ಹಸಿರು ಅಂಕಿ ಹೊಳೆಯುವ ಫ್ರಿಜ್ಜು ಅದೊಂದೇ.

ಅದರ ಜೊತೆ ಒಂದು ಪುಸ್ತಕವೂ ಬಂತು, ಪೂರ್ತಿ ಅರಬಿಯಲ್ಲಿ. ನೋಡಿದರೆ ಆಪಾ ಮನೆಯ ಕುರಾನಿನ ಅಕ್ಷರಗಳ ಹಾಗೇ ಇದ್ದವು. ಕಾಲಿಗೆ ತಗುಲಿದರೆ ಪಾಪ ಎಂದು ನಾನು ಅದನ್ನು ದೇವರಮನೆಯ ಮೇಲಿನ ಹಲಗೆಯಲ್ಲಿ, ಪಂಚಾಂಗದ ಪಕ್ಕದಲ್ಲಿ ಇಟ್ಟಿದ್ದೆ.

ಆ ವರ್ಷ ಆಯುಧಪೂಜೆಗೆ ಎರಡು ದಿನ ಮೊದಲು, ನಮಗೆ ವಾರಕ್ಕೊಮ್ಮೆ ಹೂವು ಕೊಡುತ್ತಿದ್ದ ಮೇಲೂರಿನ ಹೆಂಗಸು ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಳೆಯೊಂದನ್ನು ಹಿಡಿದು ಬಂದಳು. ಹಾಳೆಯ ತುಂಬ ಸಾಸಿವೆಗಿಂತ ಸಣ್ಣ ರೇಷ್ಮೆ ಹುಳದ ಮೊಟ್ಟೆಗಳು.

"ಅಕ್ಕಾ, ಪಕ್ಕದೋರ ಮೇಕೆಗಳು ತೋಟಕ್ಕೆ ನುಗ್ಗಿ ಹಿಪ್ಪುನೇರಳೆ ಚಿಗುರೆಲ್ಲ ಮೇಯ್ದುಬಿಟ್ವು. ಇನ್ನೊಂದು ವಾರಕ್ಕೆ ಸೊಪ್ಪು ಬರ್ತದೆ. ಅಲ್ಲೀವರ್ಗೂ ಇವು ಒಡೀಬಾರ್ದು. ನಿಮ್ ಫ್ರಿಜ್ಜಲ್ಲಿ ಇಟ್ಕೊಳ್ತೀರಾ?"

ಸೆಕೆಗೆ ಮೊಟ್ಟೆ ಒಡೆದು ಹುಳ ಹೊರಬಂದರೆ ಅವಕ್ಕೆ ಹಾಕಲು ಎಲೆಯಿಲ್ಲ, ಎಲ್ಲ ಸಾಯುತ್ತವೆ. ಗಂಡನಿಲ್ಲದ ಅವಳಿಗೆ ಹೂವು ಬಿಟ್ಟರೆ ಆ ಹುಳಗಳೇ ಜೀವನ. ನಾನು ಹೂಂ ಎಂದೆ. ನಮ್ಮ ಅತ್ತೆ ಸುಮ್ಮನಿರಲಿಲ್ಲ.

"ದೇವರ ನೈವೇದ್ಯದ ಮೊಸರಿನ ಜೊತೆ ಹುಳದ ಮೊಟ್ಟೆ ಇಡ್ತೀಯೇನೇ? ನಾಳೆ ಹಲ್ಲಿ ತಂದ್ರೂ ಇಟ್ಕೋತೀಯ."

"ಕೆಳಗಿನ ತರಕಾರಿ ಡಬ್ಬದಲ್ಲಿ ಇಡ್ತೀನಿ ಅತ್ತೆ, ಮೊಸರು ಮೇಲೆ ಇರುತ್ತೆ."

ಆಯುಧಪೂಜೆಯ ದಿನ ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಫ್ರಿಜ್ಜನ್ನೂ ಒರೆಸಿ ಮಾವಿನೆಲೆಯ ತೋರಣ ಕಟ್ಟಿದೆ. ಹಬ್ಬದ ಕೆಲಸವೆಲ್ಲ ಹೀಗೆ ಚೆನ್ನಾಗಿ ಸಾಗಿತಲ್ಲ ಎಂದು ದೇವರಿಗೆ ಕೈ ಮುಗಿದು ಮಲಗಿದೆ.

ಬೆಳಿಗ್ಗೆ ನೋಡಿದರೆ ಫ್ರಿಜ್ಜಿನ ಹಣೆಯ ಮೇಲಿನ ಹಸಿರು ಅಂಕಿ ಮಾಯವಾಗಿ, ಅದರ ಜಾಗದಲ್ಲಿ "E5" ಎಂದು ಕೆಂಪಗೆ ಮಿನುಗುತ್ತಿತ್ತು. ಹಾಲಿನ ಪಾತ್ರೆ ಬೆಚ್ಚಗಿತ್ತು. ಯಜಮಾನರು ಸ್ವಿಚ್ಚು ಆರಿಸಿ ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೆಂಪು. ವಿಜಯದಶಮಿ ದಿನ, ಚಿಕ್ಕಬಳ್ಳಾಪುರದ ರಿಪೇರಿ ಅಂಗಡಿ ಮುಚ್ಚಿತ್ತು. ನಾನು ಮೊದಲು ನೋಡಿದ್ದು ಮೊಟ್ಟೆಗಳನ್ನು. ಕೆಲವುಗಳಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡಿತ್ತು. ಅಷ್ಟು ನಂಬಿ ಕೊಟ್ಟುಹೋದವಳಿಗೆ ಏನು ಹೇಳಲಿ ಎನ್ನುತ್ತಲೇ ಹಾಳೆ ಹಿಡಿದು ಅತ್ತೆಯ ಹತ್ತಿರ ಹೋದೆ.

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಕುಡಿಯುವ ನೀರಿನ ಮಡಕೆಯನ್ನು ತೋರಿಸಿದರು. "ಬಾಯಿಗೆ ತಟ್ಟೆ ಮುಚ್ಚಿ ಅದರ ಮೇಲಿಡು. ದೇವರಮನೇಲಿ ಇಡು, ಅಲ್ಲಿ ತಣ್ಣಗಿರುತ್ತೆ. ಜೀವ ತಾನೇ ಅವೂನೂ."

ಹಾಳೆಯನ್ನು ಇಡಲು ದೇವರಮನೆಗೆ ಹೋದಾಗಲೇ ಹಲಗೆಯ ಮೇಲಿನ ಪುಸ್ತಕ ಕಣ್ಣಿಗೆ ಬಿದ್ದದ್ದು. ಕೂಡಲೇ ಆಪಾರನ್ನು ಕರೆತಂದೆ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಪುಸ್ತಕದ ಪುಟ ತಿರುವಿ, ಗಟ್ಟಿಯಾಗಿ ರಾಗವಾಗಿ ಓದತೊಡಗಿದರು. ಕೇಳಲು ಬಹಳ ಚೆನ್ನಾಗಿತ್ತು. ನಮ್ಮ ಅತ್ತೆ ಕೈ ಮುಗಿದು ನಿಂತರು.

ಆಪಾ ನಕ್ಕುಬಿಟ್ಟರು. "ಅಮ್ಮಾ, ಕೈ ಯಾಕೆ ಮುಗೀತೀರಾ? ಇದು ಫ್ರಿಜ್ಜಿಂದು!"

"ಹಾಗಾದ್ರೆ ಏನಂತ ಬರೆದಿದೆ?" ಎಂದೆ.

"ನಂಗೇನ್ ಗೊತ್ತು? ಓದಕ್ಕೆ ಬರ್ತದೆ, ಅರ್ಥ ಮತ್ಲಬ್ ಬರಲ್ಲ. ಸಣ್ಣೋಳಿದ್ದಾಗ ಓದೋದು ಮಾತ್ರ ಕಲ್ಸಿದ್ದು ಕಣಮ್ಮಾ. ಮತ್ಲಬ್ ಎಲ್ಲ ಉರ್ದೂಲೇ ಹೇಳ್ತಿದ್ರು."

ಆದರೂ ಅವರು ಬಿಡಲಿಲ್ಲ. ಕೊನೆಯ ಹಾಳೆಯಲ್ಲಿ ಮನೆ ಮನೆಯಾಗಿ ಗೆರೆ ಎಳೆದ ಪಟ್ಟಿಯೊಂದಿತ್ತು. ಅದರಲ್ಲಿ ನಮ್ಮ ಕೆಂಪು ಅಕ್ಷರವೂ ಇತ್ತು. ಅದರ ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದ ಬಿಡಿಸುತ್ತ ಹೋದವರು ಒಂದು ಕಡೆ ನಿಂತರು.

"ಬಾಬ್... ಇದು ಗೊತ್ತು ನಂಗೆ! ಹಜ್‌ಗೆ ಹೋಗಿ ಬಂದ ನಮ್ ಮಾಮಾ ಹೇಳ್ತಿದ್ರು, ಅಲ್ಲಿ ದೊಡ್ಡ ಮಸೀದಿಗೆ ಎಷ್ಟೊಂದು ಬಾಬ್ ಅಂತ. ಬಾಬ್ ಅಂದ್ರೆ ಬಾಗ್ಲು. ನಿಮ್ ಫ್ರಿಜ್ಜಿಂದು ಬಾಗ್ಲೇ ಏನೋ ಆಗಿದೆ ನೋಡಮ್ಮಾ."

ಬಾಗಿಲು ಮುಚ್ಚಿಯೇ ಇತ್ತಲ್ಲ! ಹತ್ತಿರ ಹೋಗಿ ಅಂಚಿನುದ್ದಕ್ಕೂ ಬೆರಳಾಡಿಸಿದೆ. ಮೇಲ್ಗಡೆ ಒಂದು ಕಡೆ ಸಂದು ಬೆರಳಿಗೆ ತಾಕಿತು. ಆ ಫ್ರಿಜ್ಜಿಗೆ ತೋರಣ ಕಟ್ಟಲು ಹಿಡಿಯೇ ಇರಲಿಲ್ಲವೆಂದು ನಾನು ಅರಿಶಿನದ ದಾರವನ್ನು ಬಾಗಿಲ ಮೇಲಿಂದ ಒಳಕ್ಕೆ ತೂರಿಸಿ, ಬಾಗಿಲಿನಲ್ಲೇ ಅದುಮಿ ನಿಲ್ಲಿಸಿದ್ದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಜಾರಿದ್ದನ್ನು ಮತ್ತೆ ಹಾಗೇ ಸಿಕ್ಕಿಸಿಯೂ ಇದ್ದೆ. ಮಾವಿನೆಲೆಯ ದಪ್ಪ ತೊಟ್ಟುಗಳು ರಬ್ಬರಿನ ಅಂಚಿಗೆ ಸಿಕ್ಕಿ, ಬಾಗಿಲು ಕೂದಲೆಳೆಯಷ್ಟು ತೆರೆದೇ ಉಳಿದಿತ್ತು.

ದಾರ ಎಳೆದು ತೆಗೆದೆ. ಬಾಗಿಲು ಪಟ್ಟನೆ ಕಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಹೋಗಿ ಹಸಿರು ಬಂತು. ಸಂಜೆಗೆ ಒಳಗೆಲ್ಲ ತಣ್ಣಗಾದ ಮೇಲೆ ಹಾಳೆಯನ್ನು ಮಡಕೆಯ ಮೇಲಿಂದ ಎತ್ತಿ ಮತ್ತೆ ಡಬ್ಬದಲ್ಲಿಟ್ಟೆ.

ವಾರ ಕಳೆದು ಆ ಹೆಂಗಸು ಬಂದಳು. ನಾನು ನಡೆದದ್ದೆಲ್ಲ ಹೇಳಿ ಹಾಳೆ ಬಿಚ್ಚಿದೆ. ಒಂದು ಮೂಲೆಯಲ್ಲಿ ಮೊಟ್ಟೆ ಒಡೆದು, ಕರಿ ನೂಲಿನ ಚೂರುಗಳಂತೆ ಹುಳಗಳು ಸತ್ತು ಬಿದ್ದಿದ್ದವು. ಉಳಿದವು ಹಾಗೇ ಇದ್ದವು. ಅವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಆ ಮೂಲೆ ಹೋಯ್ತು. ಹೋಗ್ಲಿ ಬಿಡಕ್ಕಾ, ಆತುರಗಾರವು. ಮಿಕ್ಕಿದ್ದೆಲ್ಲ ಚೆನ್ನಾಗವೆ. ನಾಳೆ ಸೊಪ್ಪು ಕುಯ್ತೀನಿ."

ಹೋಗುವ ಮುಂಚೆ ಬುಟ್ಟಿಯಿಂದ ಎರಡು ಮೊಳ ಕನಕಾಂಬರ ಹೆಚ್ಚಿಗೆ ಅಳೆದು ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಒಂದು ಮೊಳ ದೇವರಿಗೆ ಏರಿಸಿದೆ, ಇನ್ನೊಂದನ್ನು ಆಪಾ ಮುಡಿದುಕೊಂಡರು.

"ಫ್ರಿಜ್ಜಿಗೊಂದು ಚೂರು ಇಡಲ್ವೇನೇ?" ಎಂದರು ಅತ್ತೆ.

"ದಮ್ಮಯ್ಯ ಅತ್ತೆ, ಅದಕ್ಕಿನ್ನು ಕುಂಕುಮ ಸಾಕು."