ದೃಷ್ಟಿ ತೆಗೆಸಿಕೊಂಡ ಬೆರಳು

ಬಳ್ಳಾರಿಯಲ್ಲಿ ನಾನಿನ್ನೂ ಆಪರೇಷನ್ ಕಲಿಯುತ್ತಿದ್ದ ಕಾಲ. ಹೋರಿ ತಿವಿದು ಹೊಟ್ಟೆ ಹರಿದಿದ್ದ ಕುರುಗೋಡಿನ ಯುವಕನೊಬ್ಬನನ್ನು ಕರೆತಂದರು. ತೆರೆದು ನೋಡಿದರೆ ಒಳಗೆಲ್ಲ ಕಪ್ಪು ರಕ್ತ. ಕಾಲಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಸಿರೆಯೇ ಸೀಳಿಹೋಗಿತ್ತು.

"ಅಲ್ಲಿ ಬೆರಳು ಒತ್ತಿ ಹಿಡಿಯಪ್ಪ, ತೆಗಿಬ್ಯಾಡ," ಎಂದರು ನಮ್ಮ ಸರ್. ಅವರು ಒಂದೊಂದು ಹೊಲಿಗೆ ಹಾಕಿದಂತೆ ನಾನು ಬೆರಳನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಿದ್ದೆ. ಮೂಗು ತುರಿಸುತ್ತಿತ್ತು, ಮುಟ್ಟುವಂತಿರಲಿಲ್ಲ. ಕೊನೆಗೆ ಬೆರಳು ಪೂರ್ತಿ ತೆಗೆದಾಗ ಒಂದು ಹನಿಯೂ ಜಿನುಗಲಿಲ್ಲ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಹೊರಗೆ ಕಾಯುತ್ತಿದ್ದ ಹುಡುಗನ ತಾಯಿಗೆ ಸರ್ ನನ್ನನ್ನು ತೋರಿಸಿ, "ಈತ ಬೆರಳು ಇಟ್ಟಿದ್ದಕ್ಕ ನಿನ್ನ ಮಗ ಉಳದಾನ ನೋಡವಾ," ಎಂದು ನಕ್ಕರು. ಆಕೆ ನಗಲಿಲ್ಲ, ನಂಬಿದಳು.

ಮಗ ಗಂಜಿ ಕುಡಿಯತೊಡಗಿದ ದಿನ ಆಕೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂಧುಬಳಗದೊಂದಿಗೆ ವಾರ್ಡಿಗೆ ಬಂದಳು. "ಆ ಬೆರಳು ತೋರಸ್ರಿ. ಎಷ್ಟು ಮಂದಿ ಕಣ್ಣು ಬಿದ್ದಾವೋ ಏನೋ."

ನಾನು ಎಷ್ಟು ಬೇಡವೆಂದರೂ ಬಿಡಲಿಲ್ಲ. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತು ನೋಡುತ್ತಿರುವಾಗ ನನ್ನ ತೋರುಬೆರಳಿಗೆ ದೃಷ್ಟಿ ತೆಗೆದು, ಅರಿಶಿನದ ದಾರ ಕಟ್ಟಿದಳು. ನರ್ಸಮ್ಮನವರು ನಗು ತಡೆಯಲಾರದೆ ಹೊರಗೋಡಿದರು.

ಆಮೇಲೆ ಆಕೆ ಪಕ್ಕದಲ್ಲಿದ್ದ ಸರ್ ಕಡೆ ತಿರುಗಿ, "ನೀವೂ ಒಳಗ ಇದ್ರೇನ್ರಿ?" ಎಂದು ಕೇಳಿದಳು.

"ಹೂನವಾ, ಸೂಜಿದಾರ ಹಿಡ್ಕೊಂಡು ನಿಂತಿದ್ದೆ," ಎಂದರು ಸರ್.

ಮುಂದಿನ ಆಪರೇಷನ್ನಿನಲ್ಲಿ ಅವರು ಸೂಜಿಯನ್ನು ನನ್ನ ಕೈಗಿತ್ತು, ಬೆರಳು ತಾವೇ ಇಟ್ಟರು.