ಅಣ್ಣನ ಸೈಕಲ್ಲಿಗೆ ಚೀಲ ಹೊಲಿದದ್ದು

ಅಣ್ಣ ಬಸ್ ಡ್ರೈವರ್ ಆಗಿದ್ದ. ಇಳಕಲ್ಲಿನಿಂದ ಬಾದಾಮಿಗೆ ಹೋಗುವ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದ. ಒಂದು ದಿನ ಹುನಗುಂದದ ಹತ್ತಿರ ಎಡಗಡೆಯಿಂದ ಬಂದ ಮೋಟರ್ ಸೈಕಲ್ ಅವನಿಗೆ ಕಾಣಲೇ ಇಲ್ಲ. ಕಂಡಕ್ಟರ್ ಕೂಗಿದ್ದಕ್ಕೆ ಬ್ರೇಕ್ ಒತ್ತಿದ. ಯಾರಿಗೂ ಏನೂ ಆಗಲಿಲ್ಲ. ಆವತ್ತು ಮನೆಗೆ ಬಂದವನು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡ. ಅದು ಮೊದಲ ಸಲವಲ್ಲ ಎಂದು ಅವನಿಗೂ ಅವನ ತಂಗಿಯಾದ ನನಗೂ ಗೊತ್ತಿತ್ತು.

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಡಾಕ್ಟರಮ್ಮ ಸುತ್ತುಬಳಸದೆ ಹೇಳಿದರು. "ನೋಟ ಸುತ್ತಲಿಂದ ಒಳಗ ಸಣ್ಣದಾಗ್ತಾ ಬರ್ತೈತ್ರಿ. ಮೊದಲ ಕತ್ತಲಾಗ ಕಾಣಂಗಿಲ್ಲ, ಆಮ್ಯಾಲೆ ಬೆಳಕಿನ್ಯಾಗೂ ಕಡಿಮಿ ಆಗ್ತೈತಿ. ಸದ್ಯ ಇದನ್ನ ನಿಲ್ಲಿಸೂ ಔಷಧ ಇಲ್ಲ."

ಅವನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟರು. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಜೊತೆಗೇ ಇದ್ದೇನೆ. ಅವನು ಮದುವೆಯಾದವನಲ್ಲ. ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಊರಿನ ಹೆಂಗಸರಿಗೆ ಕುಪ್ಪಸ ಹೊಲಿಯುವುದು ನನ್ನ ಕೆಲಸ. ಅದರ ಪಕ್ಕದಲ್ಲೇ ಅಣ್ಣನ ಹೈಬ್ರಿಡ್ ಸೈಕಲ್ ನಿಂತಿರುತ್ತಿತ್ತು. ರೇಸಿನದೂ ಅಲ್ಲ, ಗುಡ್ಡ ಹತ್ತುವುದೂ ಅಲ್ಲ, ಎರಡರ ನಡುವಿನ ಸೈಕಲ್. ಮೊಣಕಾಲು ನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ತಂದಿದ್ದ.

ಒಂದು ಭಾನುವಾರ ಊಟಕ್ಕೆ ಕೂತಾಗ ಅವನು ಹೇಳಿದ, "ಇಷ್ಟು ವರ್ಷ ಆ ದಾರಿ ಓಡಾಡಿದೆ. ಎಲ್ಲೂ ಇಳದು ನಿಂತು ನೋಡ್ಲಿಲ್ಲ. ಸೈಕಲ್ ಮ್ಯಾಲೆ ಹೋಗೂಣು. ಅಲ್ಲಲ್ಲೆ ಟೆಂಟ್ ಹಾಕೂಣು."

"ಹೋಗೂಣು ಅಂದ್ರ? ನಾನೂ ಬರಬೇಕೇನು?"

"ಮತ್ತ? ಮುಂದ ಯಾರರ ಬೇಕಲ್ಲ. ನಿನ್ನ ಬೆನ್ನು ನೋಡ್ಕೋತ ಬರ್ತೇನಿ."

ನಾನು ಬೇಡವೆನ್ನಲಿಲ್ಲ. ಬೇಡವೆಂದರೆ ಅವನು ಒಬ್ಬನೇ ಹೊರಡುತ್ತಾನೆ ಎಂಬ ಹೆದರಿಕೆ ಇತ್ತು.

ಸೈಕಲ್ಲನ್ನು ಬಾಗಲಕೋಟೆಯ ರಿಪೇರಿ ಅಂಗಡಿಗೆ ಒಯ್ದೆವು. ಜಾಲಿಮುಳ್ಳಿನ ದಾರಿಗೆ ದಪ್ಪ ಟಾಯರ್ ಬೇಕೆಂದೆವು. ಹಿಂದಿನ ಚೌಕಟ್ಟಿನ ಸಂದಿನಲ್ಲಿ ಹಿಡಿಸುವಷ್ಟು ದಪ್ಪದ್ದನ್ನು ಹಾಕಿದರು. ಸಾಮಾನು ಹೇರಿ ಏರು ಹತ್ತಲು ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಕೂಡಿಸಿದರು, ಗಟ್ಟಿ ಕ್ಯಾರಿಯರ್ ಬಿಗಿದರು, ಬ್ರೇಕ್ ಹೊಸದು ಹಾಕಿದರು. ನಾನೇ ಹಟ ಹಿಡಿದು ಹ್ಯಾಂಡಲಿನ ಎರಡೂ ತುದಿಗೆ ಕನ್ನಡಿ ಹಾಕಿಸಿದೆ. ಅಣ್ಣ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಬಂದ. "ಕನ್ನಡಿ ನೋಡಿದ್ರ ರಸ್ತಾ ಕಾಣಂಗಿಲ್ಲ. ರಸ್ತಾ ನೋಡಿದ್ರ ಕನ್ನಡಿ ಎಲ್ಲೈತಿ ಅಂತನ ತಿಳ್ಯಂಗಿಲ್ಲ," ಎಂದ. ಅಂಗಡಿಯವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಚೀಲಗಳನ್ನು ನಾನೇ ಹೊಲಿದೆ. ಲಾರಿಗೆ ಹೊದಿಸುವ ತಾಡಪತ್ರಿ ಕುಪ್ಪಸದ ಮಷೀನಿಗೆ ಬಗ್ಗುವ ಬಟ್ಟೆಯಲ್ಲ. ಸೂಜಿಯ ಮೇಲೆ ಸೂಜಿ ಮುರಿದವು. ಕೊನೆಗೆ ದಪ್ಪ ಮೂಲೆಗಳನ್ನು ದಬ್ಬಳದಿಂದ ಕೈಯಲ್ಲೇ ಹಾಕಿದೆ. ಕಟ್ಟಿ ನೋಡಿದರೆ ಪೆಡಲ್ ತಿರುಗಿದಾಗಲೆಲ್ಲ ಅವನ ಹಿಮ್ಮಡಿ ಚೀಲಕ್ಕೆ ತಾಗುತ್ತಿತ್ತು. ಬಿಚ್ಚಿ, ಮುಂದಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಕೊಕ್ಕೆಗಳನ್ನು ಹಿಂದಕ್ಕೆ ಸರಿಸಿ ಮತ್ತೆ ಹೊಲಿದೆ. ಆ ದಿನಗಳಲ್ಲಿ ನನಗೆ ಒಂದು ರೀತಿಯ ಸಮಾಧಾನವಿತ್ತು. ಚೀಲದ ತಪ್ಪನ್ನು ಬಿಚ್ಚಿ ಸರಿ ಮಾಡಬಹುದಿತ್ತು.

ಮಾಳಿಗೆಯ ಮೇಲೆ ಟೆಂಟ್ ಹಾಕಿ ನೋಡಿದೆವು. ಕೋಲು ಜೋಡಿಸುವುದನ್ನು ಅವನು ಬೇಗ ಕಲಿತ, ಆದರೆ ಎಳೆದು ಕಟ್ಟಿದ ಹಗ್ಗಗಳು ಅವನಿಗೆ ಕಾಣುತ್ತಿರಲಿಲ್ಲ. ಎಡವಿ ಎರಡು ಕೈಯೂರಿ ಬಿದ್ದ. ನಾನು ಹಗ್ಗಗಳಿಗೆಲ್ಲ ಬಿಳಿ ಅರಿವೆ ಕಟ್ಟಿದೆ. ಅವನು ಮತ್ತೆ ಎಡವಿದ.

ಚಳಿಗಾಲದ ಒಂದು ಬೆಳಿಗ್ಗೆ ಹೊರಟೆವು. ನನ್ನದು ಹಳೆಯ ಲೇಡೀಸ್ ಸೈಕಲ್. ಬೆನ್ನಿಗೆ ಹಳದಿ ಅರಿವೆ ಕಟ್ಟಿಕೊಂಡು ನಾನು ಮುಂದೆ, ಹೇರು ಹೊತ್ತ ಸೈಕಲ್ಲಿನ ಮೇಲೆ ಅಣ್ಣ ಹಿಂದೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ನಾನು "ಬಲಕ್ಕ ಗಾಡಿ" ಎಂದು ಕೂಗುತ್ತಿದ್ದೆ, ಅವನು "ಹೂಂ" ಎನ್ನುತ್ತಿದ್ದ. ಹುನಗುಂದ ದಾಟಿ ಅಮೀನಗಡಕ್ಕೆ ಬಂದು ಚಹಾ ಕುಡಿದೆವು. ಅಲ್ಲಿ ಒಬ್ಬ ಹಿರಿಯರು ಚೀಲ ಮುಟ್ಟಿ ನೋಡಿ, "ಎಲ್ಲಿ ತಂದ್ರಿ?" ಎಂದು ಕೇಳಿದರು. "ನಮ್ಮ ತಂಗಿ ಹೊಲ್ದಾಳ್ರಿ," ಎಂದ ಅಣ್ಣ. ಆ ದಾರಿಯಲ್ಲಿ ಅವನ ಮುಖದ ಮೇಲೆ ನಗು ಕಂಡದ್ದು ಅಷ್ಟೇ.

ಪಟ್ಟದಕಲ್ಲಿನ ಕಡೆಗೆ ತಿರುಗಿದ ಮೇಲೆ ದಾರಿ ಸಣ್ಣದಾಯಿತು. ಮಧ್ಯಾಹ್ನ ಇಳಿದಿತ್ತು. ಇಳಿಜಾರಿನಲ್ಲಿ ನಾನು ಮುಂದೆ ಹೋಗಿಬಿಟ್ಟಿದ್ದೆ. ಹಿಂದೆ ಕುರಿಗಳ ಸದ್ದು, ಆಮೇಲೆ ಸೈಕಲ್ ಬಿದ್ದ ಸದ್ದು ಕೇಳಿತು. ತಿರುಗಿ ಓಡಿದೆ. ಹೊಲದ ಕಡೆಯಿಂದ ದಾರಿಗೆ ಇಳಿಯುತ್ತಿದ್ದ ಹಿಂಡಿನ ನಡುವೆ ಅಣ್ಣ ಬಿದ್ದಿದ್ದ. ಒಂದು ಕುರಿ ಹಿಂಗಾಲು ಎತ್ತಿಕೊಂಡು ಕುಂಟುತ್ತಿತ್ತು. ಕಂಬಳಿ ಹೊದ್ದ ಕುರುಬರೊಬ್ಬರು ಕೋಲು ಹಿಡಿದು ಸಿಟ್ಟಿನಿಂದ ಬಂದರು.

"ಇಷ್ಟು ಕುರಿ ಬರಾಕ ಹತ್ಯಾವ, ಕಣ್ಣು ಕಾಣಂಗಿಲ್ಲೇನು?"

ಅಣ್ಣ ಎದ್ದು ಕೂತು ಅಂಗೈಯ ಮಣ್ಣು ಒರೆಸಿಕೊಂಡ. "ಇಲ್ರಿ, ಕಾಣಂಗಿಲ್ಲ," ಎಂದ.

ಅವನು ಅದನ್ನು ಬೇರೆಯವರಿಗೆ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಕುರುಬರು ಬಗ್ಗಿ ಅವನ ಕಣ್ಣು ನೋಡಿದರು. ನಂತರ ಕುರಿಯ ಕಾಲು ಒತ್ತಿ ನೋಡಿ, "ಎಲುವು ಮುರದಿಲ್ಲ ಬಿಡ್ರಿ," ಎಂದು ಸೈಕಲ್ ಎತ್ತಿ ನಿಲ್ಲಿಸಿದರು. "ಇನ್ನ ಮುಂದ ಹೋಗಬ್ಯಾಡ್ರಿ. ನಮ್ಮ ಹಿಂಡು ರಾತ್ರಿ ಕೂಡೂ ಹೊಲದಾಗ ಜಾಗಾ ಐತಿ, ಅಲ್ಲೆ ಇರ್ರಿ."

ಹೊತ್ತು ಮುಳುಗುವ ಮುಂಚೆ ಕೊಯ್ದ ಜೋಳದ ಹೊಲದಲ್ಲಿ ಟೆಂಟ್ ಹಾಕಿದೆ. ಅಣ್ಣ ಸಹಾಯಕ್ಕೆ ಬರಲಿಲ್ಲ. ಆಕಾಶದಲ್ಲಿ ಬೆಳಕು ಇನ್ನೂ ಇತ್ತು. ನನಗೆ ದೂರದ ಕೆಂಪು ಗುಡ್ಡ ಚೆನ್ನಾಗಿಯೇ ಕಾಣುತ್ತಿತ್ತು.

"ಕತ್ತಲಾತಲ್ಲ," ಎಂದ ಅವನು.

"ಹೌದು," ಎಂದೆ.

ಕುರುಬರು ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಉಂಡು ಮುಗಿಸಿದ ಮೇಲೆ ಅವನು ನಿಧಾನವಾಗಿ ಮಾತಾಡಿದ. "ನಿನ್ನ ಬೆನ್ನಿನ ಹಳದಿ ಅರಿವಿ ಬಿಟ್ರ ಈ ದಾರ್ಯಾಗ ನಾ ಏನೂ ನೋಡ್ಲಿಲ್ಲ. ಅದು ತಪ್ಪಿದ್ರ ಬೀಳ್ತೇನಿ ಅಂತ ಅದನ್ನ ನೋಡ್ಕೋತ ಬಂದೆ. ಬಸ್ಸಿನ್ಯಾಗಿದ್ದಾಗ ಇದಕ್ಕಿಂತ ಹೆಚ್ಚು ನೋಡಿದ್ದೆ."

ಅವನ ಮೊಣಕೈಗೆ ಅರಿಷಿಣ ಹಚ್ಚಿದೆ.

ಮರುದಿನ ಮೂರು ಗಾಲಿಯ ಒಂದು ಟಂಟಂ ಹಿಡಿದು ಸೈಕಲ್ಲುಗಳನ್ನು ಅದರ ಮೇಲೆ ಕಟ್ಟಿಸಿದೆ. ಪಟ್ಟದಕಲ್ಲು ಅಲ್ಲಿಂದ ದೂರವಿರಲಿಲ್ಲ. ಹೋಗಿ ಹೊಳೆ ನೋಡಿ ಬರೋಣವೇ ಎಂದು ಕೇಳಿದೆ. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಇಳಕಲ್ ಮುಟ್ಟುವ ತನಕ ಕಣ್ಣು ಮುಚ್ಚಿಕೊಂಡೇ ಕೂತಿದ್ದ.

ಅದಾದ ಮೇಲೆ ಡಾಕ್ಟರಮ್ಮ ಹೇಳಿದಂತೆಯೇ ಆಗುತ್ತ ಬಂದಿದೆ. ಈಗ ಎದುರಿಗೆ ಕೂತರೆ ಅವನಿಗೆ ನನ್ನ ಮೂಗು ಬಾಯಿ ಅಷ್ಟೇ ಒಟ್ಟಿಗೆ ಕಾಣುತ್ತವೆ. ಹಣೆ ನೋಡಬೇಕಾದರೆ ಕಣ್ಣು ಮೇಲೆತ್ತಬೇಕು. ಡಿಪೋಗೆ ನಾನೇ ಬಿಟ್ಟು ಕರೆತರುತ್ತೇನೆ.

ಮೊನ್ನೆ ಮಳೆ ನಿಂತು ಒಳ್ಳೆಯ ಬಿಸಿಲು ಬಿದ್ದಿತ್ತು. "ಅಣ್ಣಾ, ಗುಡೂರು ತನಕ ಹೋಗಿ ಬರೂಣೇನು? ಒಂದ ಗಾಡಿ ಮಾಡ್ಕೊಂಡು," ಎಂದು ಕೇಳಿದೆ.

"ಯಾಕ?" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ, ನನ್ನ ಉತ್ತರಕ್ಕಾಗಿ ಕಾಯುತ್ತಲೂ ಇದ್ದ.