ಕೈಯೊಳಗೆ ಓಡುತ್ತಿದ್ದ ಮಿಷನ್

ಮೊದಲು ಬಾತುಕೊಂಡದ್ದು ಕಾಲು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾರ್ಮೆಂಟ್ಸಿನಲ್ಲಿ ಸಂಜೆಯ ಹೊತ್ತಿಗೆ ಯಾರ ಕಾಲು ತಾನೇ ಚಪ್ಪಲಿಗೆ ಹಿಡಿಸುತ್ತದೆ? ಬೊಮ್ಮನಹಳ್ಳಿಯ ನಮ್ಮ ಫ್ಯಾಕ್ಟರಿಯ ಗೇಟಿನಿಂದ ಹೊರಬರುವ ಹೆಂಗಸರೆಲ್ಲ ಕಾಲೆಳೆದುಕೊಂಡೇ ನಡೆಯುವವರು. ಆಮೇಲೆ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತು. ಸೋಪು ಹಚ್ಚಿದರೂ ಜಾರಲಿಲ್ಲ. ಕೊನೆಗೆ ನನ್ನ ಗಂಡ ಬಸವರಾಜ ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದ. ಅಪಶಕುನ ಅಂತ ಅವನ ಮುಖ ಸಣ್ಣಗಾಯಿತು. ನನಗಂತೂ ಹಾಯೆನಿಸಿತು.

ಒಂದು ಬೆಳಿಗ್ಗೆ ಪಕ್ಕದ ಮಿಷನ್ನಿನ ಮುನಿರತ್ನ ನನ್ನ ಮುಖವನ್ನೇ ನೋಡಿದಳು.

"ಏನಕ್ಕ, ರಾತ್ರಿಯೆಲ್ಲಾ ಅತ್ತಿದ್ಯಾ? ಕಣ್ಣು ಇಂಗೆ ಊದ್ಕಂಡೈತೆ."

ನಾನು ಅತ್ತಿರಲಿಲ್ಲ. ಅಳುವುದಕ್ಕೂ ಪುರುಸೊತ್ತು ಬೇಕಲ್ಲ ಅಂತ ನಗಾಡಿದೆ. ಮುನಿರತ್ನ ಹೊಸೂರು ರಸ್ತೆಯಾಚೆಯ ಹಳ್ಳಿಯವಳು, ನನಗಿಂತ ಚಿಕ್ಕವಳು. ಶರ್ಟಿಗೆ ತೋಳು ಕೂಡಿಸುವುದು ಅವಳ ಕೆಲಸ, ಆ ತೋಳಿಗೆ ಕಫ್ ಹಚ್ಚುವುದು ನನ್ನದು. ಅವಳ ಕೈಯಿಂದ ಬಂದದ್ದೇ ನನ್ನ ಕೈಗೆ ಬರಬೇಕು. ಯಾದಗಿರಿ ಕಡೆಯಿಂದ ಬಂದ ನನಗೆ ಈ ಊರಲ್ಲಿ ಒಡಹುಟ್ಟಿದವಳು ಅಂತ ಇದ್ದರೆ ಅವಳೇ.

ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಸಲ ಗ್ಯಾಸ್ ಅಂದರು. ಎರಡನೆಯ ಸಲ ರಕ್ತ ಕಡಿಮೆ ಅಂದರು. ಕೆಂಪು ಮಾತ್ರೆ ಕೊಟ್ಟರು. ಮೂರನೆಯ ಸಲ ಬೇರೆ ಡಾಕ್ಟರ್ ಇದ್ದರು, ಕನ್ನಡಕದ ಹುಡುಗಿಯಂಥ ಲೇಡಿ ಡಾಕ್ಟರ್. ಅವರು ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ತುಂಬುವವರೆಗೂ ಸುಮ್ಮನೆ ನೋಡಿದರು. ಬಿಪಿ ನೋಡಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ ಕೇಳಿದರು.

ನಾನು ನಕ್ಕುಬಿಟ್ಟೆ. ನಮ್ಮ ಲೈನಿನಲ್ಲಿ ಎಲ್ಲರ ಮಿಷನ್ನಿನ ಪಕ್ಕದಲ್ಲೂ ಬಾಟಲಿ ಇರುತ್ತದೆ. ತುಂಬಿದ ಬಾಟಲಿ ಬೆಳಿಗ್ಗೆ ಬಂದು ತುಂಬಿಕೊಂಡೇ ಸಂಜೆ ಮನೆಗೆ ಹೋಗುತ್ತದೆ. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು. ಎದ್ದರೆ ಮುಂದೆ ಪೀಸು ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಬಾಯಿಗೆ ಬೀಳಬೇಕು. ತಲೆನೋವು, ಸೊಂಟನೋವು ಅಂದರೆ ಫ್ಯಾಕ್ಟರಿಯ ಮೆಡಿಕಲ್ ರೂಮಿನಲ್ಲಿ ನೋವಿನ ಮಾತ್ರೆ ಸಿಗುತ್ತಿತ್ತು. ಅದನ್ನು ಕಡಲೆಬೀಜದ ಹಾಗೆ ತಿಂದಿದ್ದೇನೆ, ಒಂದು ಗುಟುಕು ನೀರಿನಲ್ಲಿ. ಇದೇ ಕಾರಣವಾ ಅಂತ ಕೇಳಿದ್ದಕ್ಕೆ ಡಾಕ್ಟರು, ಇದೊಂದೇ ಅಂತ ಹೇಳಲು ಬರುವುದಿಲ್ಲ, ಬಿಪಿಯೂ ತುಂಬಾ ದಿನದಿಂದ ಇದ್ದಿರಬೇಕು ಅಂದರು. ರಕ್ತದ ರಿಪೋರ್ಟ್ ಬಂದ ಮೇಲೆ ಸಿಟಿಯ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು.

ಎರಡೂ ಕಿಡ್ನಿ ಸುಕ್ಕುಗಟ್ಟಿದ್ದವು.

ಡಯಾಲಿಸಿಸ್ ಬೇಕೇ ಬೇಕು, ಇವತ್ತಲ್ಲ, ಸ್ವಲ್ಪ ದಿನ ಕಳೆದ ಮೇಲೆ ಅಂದರು. ಅದಕ್ಕೆ ಈಗಲೇ ಎಡಗೈಯಲ್ಲಿ ಫಿಸ್ಟುಲಾ ಮಾಡಬೇಕು. ಅಂದರೆ ಮುಂಗೈ ಹತ್ತಿರ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಕೂಡಿಸಿ ಹೊಲಿಯುತ್ತಾರೆ. ನಾಳ ದಪ್ಪಗಾಗಿ ಬಲಿಯುತ್ತದೆ. ಬಲಿತ ಮೇಲೆ ಡಯಾಲಿಸಿಸ್ಸಿನ ದಪ್ಪ ಸೂಜಿಗಳನ್ನು ಅಲ್ಲಿ ಚುಚ್ಚುತ್ತಾರೆ. ಇದೆಲ್ಲ ನನಗೆ ಅರ್ಥವಾದದ್ದು ಆಮೇಲೆ. ಅವತ್ತು ಅರ್ಥವಾದದ್ದು ಕೈ ಕೊಯ್ಯುತ್ತಾರೆ ಎಂಬುದಷ್ಟೇ.

ಆಪರೇಷನ್ ಮಾಡಿದ ಡಾಕ್ಟರರ ಕೈಯನ್ನು ನಾನು ಬೈಯಲಾರೆ. ಹೊಲಿಗೆ ಬಿಚ್ಚುವ ದಿನ ನೋಡಿದೆ. ಒಂದೊಂದು ಟಾಕೂ ಒಂದೇ ಅಳತೆ, ಎಲ್ಲೂ ಸೊಟ್ಟ ಇಲ್ಲ. ನಮ್ಮ ಕ್ವಾಲಿಟಿ ಚೆಕಿಂಗಿನವನೂ ತಪ್ಪು ಹುಡುಕಲಾರದಂಥ ಕೆಲಸ. ಆದರೆ ಮಾತಿಗೆ ಅಲ್ಲಿ ಜಾಗವಿಲ್ಲ. ನಾನು ಸ್ಟೂಲಿನಿಂದ ಏಳುವಷ್ಟರಲ್ಲಿ ಇನ್ನೊಬ್ಬ ಬಂದು ಕೂತಿದ್ದ, ಅವನ ಹಿಂದೆ ಕಾರಿಡಾರಿನ ತುದಿಯವರೆಗೂ ಜನ. "ಕೊಳೆ ತಾಗಿಸ್ಬೇಡಿ, ಕೈ ಹುಷಾರು" ಅಂದರು. ಅದನ್ನೂ ಮುಂದಿನವನ ಕೈ ನೋಡುತ್ತಲೇ ಅಂದರು.

ನಾನು ಕೆಲಸಕ್ಕೆ ವಾಪಸ್ಸಾದೆ. ಕಾಯಿಲೆ ಅಂತ ಗೊತ್ತಾದರೆ ಲೈನಿನಿಂದ ತೆಗೆದು ದಾರ ಕತ್ತರಿಸುವ ಕಡೆಗೆ ಕಳಿಸುತ್ತಾರೆ, ಅಲ್ಲಿಂದ ಮನೆಗೆ. ಮುನಿರತ್ನಳಿಗೆ ಮಾತ್ರ ಹೇಳಿದ್ದೆ. ನಮ್ಮ ಫ್ಲೋರಿನಲ್ಲಿ ಬಟ್ಟೆಯ ಪುಡಿ ಎಲ್ಲೆಲ್ಲೂ ಹಾರುತ್ತದೆ, ಮೂಗಿನಲ್ಲಿ, ಊಟದ ಡಬ್ಬಿಯಲ್ಲಿ, ಕೂದಲಲ್ಲಿ. ಕೊಳೆ ತಾಗಿಸಬೇಡಿ ಅಂದರೆ ಹೇಗೆ?

ಅವಳು ಊಟದ ಹೊತ್ತಿನಲ್ಲಿ ಒಂದು ರಿಜೆಕ್ಟ್ ಪೀಸಿನ ಬಟ್ಟೆ ತೆಗೆದುಕೊಂಡು ನನ್ನ ಎಡಗೈಗೆ ಒಂದು ತೋಳು ಹೊಲಿದುಕೊಟ್ಟಳು. ಮುಂಗೈಯಿಂದ ಮೊಣಕೈವರೆಗೆ. ಮೆತ್ತನೆಯ ಹತ್ತಿ, ಫಾರಿನ್ನಿಗೆ ಹೋಗುವ ಮಾಲು. ಪುಡಿ ಒಳಗೆ ನುಗ್ಗದಿರಲಿ ಅಂತ ಎರಡೂ ತುದಿಗೆ ಎಲಾಸ್ಟಿಕ್ ಹಾಕಿದ್ದಳು. ಸಡಿಲವಾಗಿದ್ದರೆ ಜಾರೀತು ಅಂತ ಇನ್ನೊಂದು ಸಲ ಬಿಗಿ ಮಾಡಿ ಹೊಲಿದಳು.

"ಬೇರೆ ಯಾರಾನ ಕೇಳಿದ್ರೆ ಬಿಸಿಲ್ಗೆ ಅಂತ ಯೋಳು" ಅಂದಳು.

ಬಿಸಿಲು ಕಾಣದ ಆ ಫ್ಲೋರಿನಲ್ಲಿ ನಾವಿಬ್ಬರೂ ಅದಕ್ಕೆ ಬಹಳ ಹೊತ್ತು ನಕ್ಕೆವು. ನನಗೆ ಅಂಥ ಉಡುಗೊರೆ ಯಾರೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಹಾಕಿದರೆ ಮಲಗುವಾಗಲೂ ತೆಗೆಯುತ್ತಿರಲಿಲ್ಲ.

ಆಪರೇಷನ್ ಆದಂದಿನಿಂದ ಎಡಗೈಯಲ್ಲಿ ಒಂದು ನಡುಕ ಇತ್ತು. ಗಾಯದ ಮೇಲೆ ಬೆರಳಿಟ್ಟರೆ ಒಳಗೆ ಜುಂ ಅನ್ನುತ್ತಿತ್ತು. ನನಗೆ ಅದು ಹೊಸದೇನಲ್ಲ. ಮಿಷನ್ ಮೇಲೆ ಕೈಯಿಟ್ಟು ದುಡಿಯುವ ಎಲ್ಲರಿಗೂ ಇದು ಗೊತ್ತು. ಶಿಫ್ಟ್ ಮುಗಿದು ಮನೆಗೆ ಹೋಗಿ ರೊಟ್ಟಿ ಬಡಿಯುವಾಗಲೂ ಕೈಯೊಳಗೆ ಮಿಷನ್ ಓಡುತ್ತಲೇ ಇರುತ್ತದೆ. ಆಸ್ಪತ್ರೆಯಿಂದ ಬಂದು ಮನೆಯಲ್ಲಿದ್ದ ದಿನಗಳಲ್ಲೂ ಅದು ಇತ್ತು. ಇಷ್ಟು ವರ್ಷದ ಮಿಷನ್ ಅಷ್ಟು ಬೇಗ ಬಿಡುತ್ತದಾ ಅಂದುಕೊಂಡೆ.

ಒಂದು ದಿನ ಅದು ನಿಂತಿತು.

ನನಗೆ ಖುಷಿಯಾಯಿತು. ಬಸವರಾಜನನ್ನು ಕರೆದು, ಕೈ ತಣ್ಣಗಾಯಿತು, ಈಗ ಹಗುರ ಅನಿಸುತ್ತಿದೆ ಅಂತ ಹೇಳಿದೆ. ಸೆಂಟ್ರಿಂಗ್ ಕೆಲಸದಿಂದ ಆಗಷ್ಟೇ ಬಂದಿದ್ದ ಅವನು ಸಿಮೆಂಟು ಮೆತ್ತಿದ ಕೈಯನ್ನು ತೊಳೆದುಕೊಂಡು ಬಂದು ಮುಟ್ಟಿ ನೋಡಿದ. "ಚಲೋ ಆತು ಬಿಡು, ಗಾಯ ಮಾದದ" ಅಂದ. ಅವತ್ತು ಶಾವಿಗೆ ಪಾಯಸ ಮಾಡಿದ್ದೆ.

ಅದಾಗಿ ಕೆಲವೇ ವಾರಗಳಲ್ಲಿ ವಾಂತಿ ಶುರುವಾಯಿತು. ಉಸಿರು ಮೇಲಕ್ಕೆ ಬರುತ್ತಿರಲಿಲ್ಲ. ಬಸವರಾಜ ಆಟೋದಲ್ಲಿ ಹಾಕಿಕೊಂಡು ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಗೇ ಓಡಿದ. ಅಲ್ಲಿ ಡಯಾಲಿಸಿಸ್ ಯೂನಿಟ್ ಇತ್ತು. ಅದೇ ಕನ್ನಡಕದ ಲೇಡಿ ಡಾಕ್ಟರ್ ಬಂದರು. ಗುರುತು ಹಿಡಿದು ನನ್ನ ಹೆಸರು ಹೇಳಿ ಕರೆದರು. ಫಿಸ್ಟುಲಾ ಆಗಿದೆಯಲ್ಲ, ಒಳ್ಳೆಯದಾಯಿತು ಅಂತ ತೋಳು ಜಾರಿಸಿ, ಗಾಯದ ಮೇಲೆ ಬೆರಳಿಟ್ಟರು. ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದರು. ಸ್ಟೆತಾಸ್ಕೋಪ್ ಇಟ್ಟರು. ಇನ್ನೊಂದು ಕಡೆ ಇಟ್ಟರು.

"ಇದು ಯಾವಾಗಿಂದ ನಿಂತಿದೆ ಗಿರಿಜಮ್ಮ?"

"ಏನ್ರಿ ಡಾಕ್ಟ್ರೆ?"

"ಕೈಯೊಳಗೆ ಜುಂ ಅಂತ ಇರುತ್ತಲ್ಲ, ಅದು. ಅದು ಓಡ್ತಾ ಇದ್ರೇನೇ ಫಿಸ್ಟುಲಾ ಬದುಕಿದೆ ಅಂತ. ದಿನಾ ಮುಟ್ಟಿ ನೋಡ್ಕೋಬೇಕು. ಯಾರೂ ಹೇಳ್ಲಿಲ್ವಾ?"

ಅವರ ಕಣ್ಣು ನನ್ನ ತೋಳಿನ ಮೇಲಿತ್ತು. ಮುಂಗೈಯಲ್ಲೂ ಮೊಣಕೈ ಕೆಳಗೂ ಎಲಾಸ್ಟಿಕ್ಕಿನ ಗೆರೆ ಬಳೆಯ ಹಾಗೆ ಒತ್ತಿಕೊಂಡಿತ್ತು. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು. ಆ ಕೈಗೆ ಬಿಗಿಯಾದದ್ದೇನೂ ತಾಗಬಾರದು, ಬಳೆ, ವಾಚು, ಬಿಪಿ ಪಟ್ಟಿ ಯಾವುದೂ ಅಂತ ಮೆಲ್ಲಗೆ ಹೇಳಿದರು. ಇದರಿಂದಲೇ ಹೆಪ್ಪುಗಟ್ಟಿತು ಅಂತ ಆಣೆ ಇಟ್ಟು ಹೇಳಲಾರೆ ಅಂತಲೂ ಸೇರಿಸಿದರು. ನನ್ನ ಸಮಾಧಾನಕ್ಕೆ ಅಂದದ್ದೋ, ನಿಜವೋ, ನನಗೆ ಗೊತ್ತಿಲ್ಲ.

ಅವತ್ತು ಕುತ್ತಿಗೆಗೆ ಪೈಪು ಹಾಕಿ ಡಯಾಲಿಸಿಸ್ ಮಾಡಿದರು. ಮುಂದಿನ ಸಲವೂ ಕುತ್ತಿಗೆಯಿಂದಲೇ. ಆ ಪೈಪಿನಿಂದ ಒಮ್ಮೆ ನಂಜಾಗಿ ಚಳಿಜ್ವರ ಬಂತು. ಮಂಚ ಗಡಗಡ ಅನ್ನುವಷ್ಟು ನಡುಗಿದೆ. ಬಸವರಾಜ ನನ್ನ ಕಾಲುಗಳ ಮೇಲೆ ಅಡ್ಡ ಬಿದ್ದು ಹಿಡಿದುಕೊಂಡಿದ್ದ. ಆ ಡಾಕ್ಟರಮ್ಮ ನನಗೆ ಎಲ್ಲವನ್ನೂ ಕೂತು ಹೇಳಿಕೊಟ್ಟರು, ಏನು ತಿನ್ನಬೇಕು, ಹೇಗೆ ಮಲಗಬೇಕು, ಪೈಪು ಒದ್ದೆಯಾಗದಂತೆ ಸ್ನಾನ ಹೇಗೆ. ಆದರೆ ಫಿಸ್ಟುಲಾ ಮಾಡುವವರು ಅಲ್ಲಿ ಯಾರೂ ಇಲ್ಲ. ಕೈ ಇದ್ದಲ್ಲಿ ಬಾಯಿಲ್ಲ, ಬಾಯಿ ಇದ್ದಲ್ಲಿ ಕೈಯಿಲ್ಲ. ಎರಡೂ ಸರ್ಕಾರದ್ದೇ, ಎರಡರ ನಡುವೆ ಒಂದು ಬಸ್ಸಿನ ದಾರಿ. ಆ ದಾರಿಯಲ್ಲಿ ನನ್ನ ಎಡಗೈ ಹೋಯಿತು.

ಮತ್ತೆ ದೊಡ್ಡ ಆಸ್ಪತ್ರೆ. ಮತ್ತೆ ಅದೇ ಕಾರಿಡಾರು. ಅದೇ ಡಾಕ್ಟರು ಎಡಗೈ ಮುಟ್ಟಿ, ಇದು ಮುಗೀತು ಅಂದರು. ಬಲಗೈಯಲ್ಲಿ ನೋಡೋಣ, ಆದರೆ ನಾಳ ಸಣ್ಣ ಇದೆ, ಹಿಡಿದರೆ ಪುಣ್ಯ. ನಾನು ಟೈಲರು, ಬಲಗೈಯಲ್ಲೇ ದುಡಿಯುವುದು ಅಂತ ಹೇಳಿದೆ.

"ಜೀವ ಬೇಕೋ, ಹೊಲಿಗೆ ಬೇಕೋ?"

ಬಸವರಾಜ ಯಾವತ್ತೂ ಡಾಕ್ಟರ ಎದುರು ಬಾಯಿ ಬಿಟ್ಟವನಲ್ಲ. ಅವತ್ತು ಬಿಟ್ಟ. "ಎರಡೂ ಬೇಕ್ರಿ ಸಾಹೇಬ್ರ" ಅಂದ.

ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು. ಬೈಯಲಿಲ್ಲ. ಬೆಳಗಿನಿಂದ ಊಟ ಮಾಡಿದಂತೆ ಕಾಣಲಿಲ್ಲ ಅವರೂ. ನನಗೆ ಅವರ ಮೇಲೆ ಸಿಟ್ಟು ಇದೆ, ಮುಚ್ಚಿಡುವುದೇಕೆ. ಅವರ ಜಾಗದಲ್ಲಿ ನಾನಿದ್ದು, ಮುಂದೆ ಅಷ್ಟು ಪೀಸು ಗುಡ್ಡೆ ಬಿದ್ದಿದ್ದರೆ, ನಾನೂ ಒಂದೊಂದಕ್ಕೆ ಒಂದು ಮಾತು ಹೇಳಿ ಕಳಿಸುತ್ತಿದ್ದೆನೇನೋ. ಹಾಗಂತ ಸಿಟ್ಟೇನೂ ಇಳಿಯುವುದಿಲ್ಲ.

ಬಲಗೈಯಲ್ಲಿ ಆಪರೇಷನ್ ಆಯಿತು. ಹೊಲಿಗೆ ಈ ಸಲವೂ ಅಚ್ಚುಕಟ್ಟು. ಫ್ಯಾಕ್ಟರಿಯ ಕೆಲಸ ಹೋಯಿತು. ಕಿಡ್ನಿ ಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಬಸವರಾಜನಿಗೆ ಸಕ್ಕರೆ ಕಾಯಿಲೆ, ಉಳಿದವರನ್ನು ಕೇಳುವ ಮುಖ ನನಗಿಲ್ಲ. ಈಗ ಮೂತ್ರವೇ ಸರಿಯಾಗಿ ಬರುವುದಿಲ್ಲ. ಟಾಯ್ಲೆಟ್ಟಿಗೆ ಯಾರ ಅಪ್ಪಣೆಯೂ ಬೇಡ. ನೀರು ಮಾತ್ರ ಕುಡಿಯುವಂತಿಲ್ಲ, ದಿನಕ್ಕೆ ಇಷ್ಟೇ ಅಂತ ಬಸವರಾಜ ಲೋಟದಲ್ಲಿ ಅಳೆದು ಕೊಡುತ್ತಾನೆ. ಮಿಷನ್ನಿನ ಪಕ್ಕ ತುಂಬಿಕೊಂಡೇ ಇರುತ್ತಿದ್ದ ಆ ಬಾಟಲಿ ನನ್ನ ಕನಸಿನಲ್ಲಿ ಬರುತ್ತದೆ.

ಹೋದ ಭಾನುವಾರ ಮುನಿರತ್ನ ಬಂದಿದ್ದಳು. ಬಲಗೈಗೂ ಒಂದು ತೋಳು ಹೊಲಿದು ತಂದಿದ್ದಳು. ಈ ಸಲ ಸಣ್ಣ ಸಣ್ಣ ಹೂವಿನ ಬಟ್ಟೆ, ಒಳಗೆ ಲೈನಿಂಗ್ ಬೇರೆ. ಎರಡೂ ತುದಿಗೆ ಎಲಾಸ್ಟಿಕ್, ಮೊದಲಿನದಕ್ಕಿಂತ ಅಗಲದ್ದು. ಅದನ್ನು ನೋಡಿ ಬಸವರಾಜ ಬಾಯಿ ತೆರೆದ. ನಾನು ಅವನನ್ನು ಕಣ್ಣಲ್ಲೇ ತಡೆದೆ.

"ಚಂದ ಐತಿ ಮುನಿ. ಎಲಾಸ್ಟಿಕ್ ಒಂದು ಬಿಚ್ಚಿಬಿಡು. ನನಗ ಈಗ ಕಡಿತ ಏಳ್ತದ."

ಅವಳು ಬ್ಯಾಗಿನಿಂದ ದಾರ ಕತ್ತರಿಸುವ ಕಟರ್ ತೆಗೆದು, ನನ್ನ ಮಂಚದ ತುದಿಯಲ್ಲಿ ಕೂತು ಒಂದೊಂದೇ ಟಾಕು ಬಿಚ್ಚತೊಡಗಿದಳು. ಬಿಚ್ಚುತ್ತಾ, ತಲೆಯೆತ್ತದೆ ಕೇಳಿದಳು.

"ಅಕ್ಕ, ಆ ಕೈ ಯಾಕೆ ಅಂಗೆ ಕೆಟ್ಟೋಯ್ತು?"

"ನರ ವೀಕ್ ಇತ್ತಂತ" ಅಂದೆ.

ಅವಳು ಹೂಂ ಅಂದಳು. ಬಿಚ್ಚಿದ ತೋಳನ್ನು ನನ್ನ ಬಲಗೈಗೆ ಏರಿಸಿದಳು, ಅದು ಸಡಿಲವಾಗಿ ಜೋತು ಬಿತ್ತು. ಸರಿಮಾಡಲು ಹೋದ ಅವಳ ಬೆರಳು ಗಾಯದ ಮೇಲೆ ತಾಗಿತು. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದೇನಕ್ಕ, ಒಳಗೆ ಮಿಷನ್ ಓಡ್ದಂಗೆ ಓಡ್ತೈತೆ?"

"ಓಡ್ಲಿ ಬಿಡು."

ನಾಳ ಸಣ್ಣದು, ಎಷ್ಟು ದಿನ ತಡೆಯುತ್ತದೋ ಹೇಳಲಾಗುವುದಿಲ್ಲ ಅಂತ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಇದೂ ಹೋದರೆ ಮುಂದೇನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ಬಿಡುವ ಮೊದಲು, ಸತ್ತ ಎಡಗೈಯನ್ನು ಬಲಗೈ ಮೇಲೆ ಇಟ್ಟು ನೋಡುತ್ತೇನೆ. ಇವತ್ತು ಇತ್ತು. ಡಾಕ್ಟರಮ್ಮ ಕೂತು ಕಲಿಸಿದ್ದು, ಅವರು ತಣ್ಣಗಿರಲಿ. ನಿಂತ ದಿನ ನಾನು ಪಾಯಸ ಮಾಡುವುದಿಲ್ಲ.